ಔಷಧದ ಪರೀಕ್ಷೆಗೆ ಮುನ್ನ ಪರೀಕ್ಷಾ ವಿಧಾನದ ಪರೀಕ್ಷೆ

ಜಯಲಕ್ಷ್ಮಿಪುರಂನ ಕಾಳಿದಾಸ ರಸ್ತೆಯ ಔಷಧದ ಅಂಗಡಿಯೊಂದರಲ್ಲಿ ಪ್ಯಾರಾಸಿಟಮಾಲ್ ಮಾತ್ರೆಗಳ ಒಂದು ಸ್ಟ್ರಿಪ್ ಕೊಳ್ಳುವ ಗ್ರಾಹಕನು ಆ ಮಾತ್ರೆಯ ಗುಣವನ್ನು ಕಣ್ಣಿನಿಂದಾಗಲೀ ನಾಲಗೆಯಿಂದಾಗಲೀ ಅರಿಯಲಾರನು. ಅಕ್ಕಿಯ ವ್ಯಾಪಾರಿ ಒಂದು ಹಿಡಿ ಕಾಳನ್ನು ಅಂಗೈಯಲ್ಲಿಟ್ಟು ನೋಡಿ ದರ ಹೇಳಬಲ್ಲನು. ರೇಷ್ಮೆಯ ವ್ಯಾಪಾರಿ ಗೂಡನ್ನು ಬೆರಳಿನಿಂದ ಒತ್ತಿ ನೋಡಿ ಅದರ ಯೋಗ್ಯತೆಯನ್ನು ಅಂದಾಜು ಮಾಡಬಲ್ಲನು. ಔಷಧದ ವ್ಯಾಪಾರದಲ್ಲಿ ಈ ಸೌಲಭ್ಯವಿಲ್ಲ. ಅಂಗಡಿಯವರು ಸಗಟು ವ್ಯಾಪಾರಿಯನ್ನು ನಂಬುತ್ತಾರೆ, ಸಗಟು ವ್ಯಾಪಾರಿ ತಯಾರಕರನ್ನು ನಂಬುತ್ತಾರೆ, ತಯಾರಕರು ತಮ್ಮ ಪ್ರಯೋಗಾಲಯವು ನೀಡಿದ ವಿಶ್ಲೇಷಣಾ ವರದಿಯನ್ನು ನಂಬುತ್ತಾರೆ. ಹೀಗೆ ಇಡೀ ಸರಪಳಿಯು ಕೊನೆಗೆ ಒಂದು ಕಾಗದದ ಮೇಲಿನ ಒಂದು ಸಂಖ್ಯೆಗೆ ಜೋತುಬಿದ್ದಿರುತ್ತದೆ.

ಆ ಸಂಖ್ಯೆಯು ಎಲ್ಲಿಂದ ಬಂತು, ಅದನ್ನು ನೀಡಿದ ವಿಧಾನವು ನಂಬಿಕೆಗೆ ಅರ್ಹವೇ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಕೇಳುವುದಿಲ್ಲ. ಈ ಪ್ರಶ್ನೆಗೆ ದಾಖಲೆಸಹಿತವಾಗಿ ಉತ್ತರ ನೀಡುವ ಕ್ರಮಕ್ಕೆ ಔಷಧೋದ್ಯಮದಲ್ಲಿ ವಿಶ್ಲೇಷಣಾ ವಿಧಾನದ ವ್ಯಾಲಿಡೇಷನ್, ಅಂದರೆ ದೃಢೀಕರಣ, ಎಂದು ಹೆಸರು. ಇದು ಕೇವಲ ರಸಾಯನಶಾಸ್ತ್ರಜ್ಞರ ವಿಷಯವೆಂದು ಉದ್ದಿಮೆದಾರರು ಬದಿಗಿಡುವಂತಿಲ್ಲ. ಬ್ಯಾಚು ಮಾರುಕಟ್ಟೆಗೆ ಹೋಗಬೇಕೇ ಬೇಡವೇ, ಪರವಾನಗಿ ಉಳಿಯುವುದೇ ಇಲ್ಲವೇ, ಕೆಲವೊಮ್ಮೆ ರೋಗಿಯ ಜೀವ ಉಳಿಯುವುದೇ ಇಲ್ಲವೇ ಎಂಬುದೆಲ್ಲವೂ ಇದರಿಂದ ನಿರ್ಧಾರವಾಗುತ್ತದೆ.

ಒಂದೇ ಸರಬರಾಜು, ಎರಡು ವರದಿ

2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಗೆ ಒಳಗಾದ ಕೆಲವು ಬಾಣಂತಿಯರು ಮರಣ ಹೊಂದಿದ ಸಂಗತಿ ಇಡೀ ರಾಜ್ಯವನ್ನು ಕಲಕಿತು. ಅವರಿಗೆ ನೀಡಲಾಗಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಬಗೆಗೆ ಸಂಶಯ ಮೂಡಿ, ಅದರ ಬಳಕೆಯನ್ನು ರಾಜ್ಯ ಸರ್ಕಾರವು ತಡೆಹಿಡಿಯಿತು. ಆ ಸಂದರ್ಭದಲ್ಲಿ ಹೊರಬಂದ ಒಂದು ವಿವರವು ಉದ್ಯಮದಲ್ಲಿರುವವರೆಲ್ಲರೂ ಗಮನಿಸತಕ್ಕದ್ದು. ಅದೇ ತಯಾರಕರ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯವು ಈ ಮೊದಲೇ ಗುಣಮಟ್ಟಕ್ಕೆ ತಕ್ಕುದಲ್ಲವೆಂದು ವರದಿ ಮಾಡಿತ್ತು. ಆದರೆ ತಯಾರಕರ ಆಕ್ಷೇಪಣೆಯ ಮೇಲೆ ಕೆಲವು ಬ್ಯಾಚುಗಳು ಕೋಲ್ಕತ್ತದ ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋದಾಗ ಅಲ್ಲಿಂದ ಅವು ಗುಣಮಟ್ಟಕ್ಕೆ ತಕ್ಕುದೆಂಬ ವರದಿ ಬಂದಿತ್ತು.

ಮರಣಗಳಿಗೆ ಕಾರಣವೇನು, ಯಾರ ವರದಿ ಸರಿ ಎಂಬ ತೀರ್ಮಾನ ಈ ಲೇಖನದ ವ್ಯಾಪ್ತಿಗೆ ಸೇರಿದ್ದಲ್ಲ. ನಮಗೆ ಇಲ್ಲಿ ಮುಖ್ಯವಾದುದು ಇಷ್ಟೇ: ಒಂದೇ ವಸ್ತುವಿನ ಬಗೆಗೆ ಎರಡು ಸಮರ್ಥ ಪ್ರಯೋಗಾಲಯಗಳು ಭಿನ್ನ ಉತ್ತರ ನೀಡಲು ಸಾಧ್ಯವಿದೆ. ಮಾದರಿಯನ್ನು ತೆಗೆದ ರೀತಿ, ಸಾಗಿಸಿದ ರೀತಿ, ಕಾಲಾವಧಿ, ಉಪಕರಣ, ವಿಧಾನವನ್ನು ನಡೆಸಿದ ಕೈ ಇವೆಲ್ಲವೂ ಉತ್ತರದಲ್ಲಿ ಸೇರಿಕೊಳ್ಳುತ್ತವೆ. ಎಷ್ಟರಮಟ್ಟಿನ ವ್ಯತ್ಯಾಸವು ವಿಧಾನದ ಸಹಜ ಗುಣ, ಎಷ್ಟು ವ್ಯತ್ಯಾಸವು ನಿಜವಾದ ದೋಷ ಎಂದು ಬೇರ್ಪಡಿಸಿ ಹೇಳಬೇಕಾದರೆ ಆ ವಿಧಾನದ ಶಕ್ತಿಯೂ ಮಿತಿಯೂ ಮೊದಲೇ ಅಳೆದು ದಾಖಲಾಗಿರಬೇಕು.

ತಕ್ಕಡಿಯ ಮುದ್ರೆ ಸಾಲದು

ವ್ಯಾಪಾರಿಗಳಿಗೆ ಪರಿಚಿತವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ನಮ್ಮ ಅಂಗಡಿಯ ತಕ್ಕಡಿಗೂ ತೂಕದ ಬಟ್ಟುಗಳಿಗೂ ಕಾನೂನು ಮಾಪನ ಇಲಾಖೆಯವರು ನಿಯತಕಾಲಕ್ಕೆ ಮುದ್ರೆ ಹಾಕುತ್ತಾರೆ. ಒಂದು ಕಿಲೋ ಎಂದು ತೋರಿಸಿದ್ದು ಒಂದು ಕಿಲೋ ಇದೆ ಎಂಬುದಕ್ಕೆ ಆ ಮುದ್ರೆ ಸಾಕ್ಷಿ. ಪ್ರಯೋಗಾಲಯದಲ್ಲಿ ಉಪಕರಣಗಳಿಗೆ ಮಾಡಿಸುವ ಕ್ಯಾಲಿಬ್ರೇಷನ್ ಇದಕ್ಕೆ ಸಮಾನವಾದುದು. ಆದರೆ ಮುದ್ರೆ ಬಿದ್ದ ತಕ್ಕಡಿಯು ಅಕ್ಕಿಯೊಳಗೆ ಕಲ್ಲು ಸೇರಿದೆಯೇ ಎಂದು ಹೇಳಲಾರದು. ಅಕ್ಕಿಯನ್ನೂ ಕಲ್ಲನ್ನೂ ಅದು ಒಂದೇ ಎಂದು ತೂಗಿಬಿಡುತ್ತದೆ. ಕಲ್ಲನ್ನು ಬೇರ್ಪಡಿಸುವ ಕ್ರಮ, ಎಷ್ಟು ಅಕ್ಕಿಯನ್ನು ಎಲ್ಲೆಲ್ಲಿಂದ ತೆಗೆದು ನೋಡಬೇಕೆಂಬ ನಿಯಮ, ನೋಡುವವರ ಅಭ್ಯಾಸ ಇವೆಲ್ಲ ಸೇರಿದಾಗ ಮಾತ್ರ ಅದು ವಿಧಾನವೆನಿಸುತ್ತದೆ.

ಉಪಕರಣವು ಸರಿಯಾಗಿದ್ದರೂ ವಿಧಾನವು ತಪ್ಪಾಗಿರಬಹುದು. ಲಕ್ಷಾಂತರ ರೂಪಾಯಿ ಬೆಲೆಯ ಎಚ್‌ಪಿಎಲ್‌ಸಿ ಯಂತ್ರವನ್ನು ಕೊಂಡ ಮಾತ್ರಕ್ಕೆ ವರದಿಯು ಸತ್ಯವಾಗುವುದಿಲ್ಲ. ಅದೇ ರೀತಿ, ಸರಳವಾದ ಕಲರಿಮೀಟರ್ ಅಥವಾ ಬ್ಯುರೆಟ್ಟಿನಿಂದ ಮಾಡಿದ ಪರೀಕ್ಷೆಯು ಅಗ್ಗವೆಂಬ ಕಾರಣಕ್ಕೆ ಅಸತ್ಯವೂ ಆಗುವುದಿಲ್ಲ. ಈ ಎರಡನೆಯ ಮಾತಿಗೆ ನಮ್ಮ ಊರಿನಲ್ಲಿಯೇ ಒಳ್ಳೆಯ ನಿದರ್ಶನವಿದೆ.

ಮಾನಸಗಂಗೋತ್ರಿಯ ನಿದರ್ಶನ

ಜಯಲಕ್ಷ್ಮಿಪುರಂಗೆ ಸಮೀಪದಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ರಸಾಯನಶಾಸ್ತ್ರ ಅಧ್ಯಯನ ವಿಭಾಗದಲ್ಲಿ ಔಷಧಗಳ ಪ್ರಮಾಣವನ್ನು ಅಳೆಯುವ ಸರಳ ವಿಧಾನಗಳ ಬಗೆಗೆ ದಶಕಗಳಿಂದ ಸಂಶೋಧನೆ ನಡೆದಿದೆ. ಪ್ರೊ. ಎಚ್. ಸಂಕೇಗೌಡ ಅವರ ಫಿನೋಥಯಜೀನ್ ಸಂಯುಕ್ತಗಳ ಕುರಿತ ಕೆಲಸ, ಅನಂತರ ಪ್ರೊ. ಕೆ. ಬಸವಯ್ಯ ಮತ್ತು ಅವರ ವಿದ್ಯಾರ್ಥಿಗಳು ಟೈಟ್ರೇಷನ್ ಹಾಗೂ ವರ್ಣಮಾಪನದ ಮೂಲಕ ಅನೇಕ ಔಷಧಗಳಿಗೆ ರೂಪಿಸಿದ ವಿಧಾನಗಳು ದೇಶವಿದೇಶಗಳ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿವೆ. ದುಬಾರಿ ಯಂತ್ರಗಳಿಲ್ಲದ ಪ್ರಯೋಗಾಲಯಗಳಿಗೂ ನಿಲುಕುವಂತಿರುವುದು ಇವುಗಳ ವಿಶೇಷ.

ಇವುಗಳಲ್ಲಿ ಒಂದು ಬಗೆಯನ್ನು ವಿವರಿಸಿದರೆ ವಿಧಾನವೊಂದು ಹೇಗೆ ಹುಟ್ಟುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಪುಡಿ ಮಾಡಿದ ಮಾತ್ರೆಯ ದ್ರಾವಣಕ್ಕೆ ಆಮ್ಲವನ್ನೂ, ಗೊತ್ತಾದ ಪ್ರಮಾಣದ ಬ್ರೋಮೇಟ್ ಮತ್ತು ಬ್ರೋಮೈಡ್ ಮಿಶ್ರಣವನ್ನೂ ಸೇರಿಸುತ್ತಾರೆ. ಆಗ ಪಾತ್ರೆಯೊಳಗೆಯೇ ಬ್ರೋಮೀನ್ ಉತ್ಪತ್ತಿಯಾಗಿ ಔಷಧದೊಡನೆ ವರ್ತಿಸುತ್ತದೆ. ಔಷಧವು ಬಳಸಿಕೊಂಡ ಮೇಲೆ ಉಳಿದ ಬ್ರೋಮೀನಿಗೆ ಮಿಥೈಲ್ ಆರೆಂಜ್ ಅಥವಾ ಇಂಡಿಗೋ ಕಾರ್ಮೈನ್ ಎಂಬ ಬಣ್ಣವನ್ನು ನಿಗದಿತ ಪ್ರಮಾಣದಲ್ಲಿ ಸೇರಿಸಿದರೆ, ಉಳಿದಿದ್ದ ಬ್ರೋಮೀನು ಆ ಬಣ್ಣವನ್ನು ಅಷ್ಟರಮಟ್ಟಿಗೆ ಅಳಿಸಿಹಾಕುತ್ತದೆ. ಔಷಧ ಹೆಚ್ಚಿದ್ದರೆ ಬ್ರೋಮೀನು ಕಡಿಮೆ ಉಳಿಯುತ್ತದೆ. ಬ್ರೋಮೀನು ಕಡಿಮೆ ಉಳಿದರೆ ಬಣ್ಣ ಹೆಚ್ಚು ಉಳಿಯುತ್ತದೆ. ಉಳಿದ ಬಣ್ಣವನ್ನು ಮಿಥೈಲ್ ಆರೆಂಜಿಗೆ ಸುಮಾರು 520 ನ್ಯಾನೋಮೀಟರ್, ಇಂಡಿಗೋ ಕಾರ್ಮೈನಿಗೆ ಸುಮಾರು 610 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆದರೆ ಔಷಧದ ಪ್ರಮಾಣ ತಿಳಿಯುತ್ತದೆ.

ವಿಧಾನವನ್ನು ಅಭಿವೃದ್ಧಿಪಡಿಸುವುದೆಂದರೆ ಇದರ ಪ್ರತಿಯೊಂದು ಹೆಜ್ಜೆಯನ್ನೂ ಬದಲಾಯಿಸಿ ನೋಡುವುದು. ಆಮ್ಲ ಎಷ್ಟಿರಬೇಕು, ಎಷ್ಟು ನಿಮಿಷ ಕಾಯಬೇಕು, ಬಣ್ಣ ಎಷ್ಟು ಸೇರಿಸಬೇಕು, ಬಂದ ಬಣ್ಣ ಎಷ್ಟು ಹೊತ್ತು ಸ್ಥಿರವಾಗಿ ನಿಲ್ಲುತ್ತದೆ ಎಂಬುದನ್ನು ಒಂದೊಂದಾಗಿ ಗೊತ್ತುಮಾಡುತ್ತಾರೆ. ಮಾನಸಗಂಗೋತ್ರಿಯ ಕೆಲಸವು ಇಷ್ಟಕ್ಕೇ ನಿಲ್ಲಲಿಲ್ಲ ಎಂಬುದು ನಮಗೆ ಮುಖ್ಯ. ಹಾಗೆ ರೂಪುಗೊಂಡ ವಿಧಾನವನ್ನು ಮಾತ್ರೆಯ ಪೂರಕ ದ್ರವ್ಯಗಳಾದ ಪಿಷ್ಟ, ಟಾಲ್ಕ್, ಲ್ಯಾಕ್ಟೋಸ್ ಮುಂತಾದವುಗಳ ಎದುರು ಪರೀಕ್ಷಿಸಿ, ಒಂದೇ ದಿನದಲ್ಲಿಯೂ ಬೇರೆ ಬೇರೆ ದಿನಗಳಲ್ಲಿಯೂ ಪುನಃ ಪುನಃ ಮಾಡಿ, ಗೊತ್ತಾದ ಪ್ರಮಾಣದ ಶುದ್ಧ ಔಷಧವನ್ನು ಸೇರಿಸಿ ಅದು ಪೂರ್ತಿ ವಾಪಸು ದೊರೆಯುವುದೇ ಎಂದು ನೋಡಿ, ಕೊನೆಗೆ ಒಪ್ಪಿತ ವಿಧಾನವೊಂದರ ಫಲಿತಾಂಶದೊಡನೆ ಟಿ ಮತ್ತು ಎಫ್ ಎಂಬ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳ ಮೂಲಕ ಹೋಲಿಸಿದ ಮೇಲೆಯೇ ಪ್ರಕಟಿಸಿದರು. ಈ ಎರಡನೆಯ ಭಾಗವೇ ವ್ಯಾಲಿಡೇಷನ್.

ದೃಢೀಕರಣದಲ್ಲಿ ನೋಡುವುದೇನು?

ಈ ವಿಷಯದಲ್ಲಿ ಜಗತ್ತಿನಾದ್ಯಂತ ಅನುಸರಿಸಲಾಗುತ್ತಿರುವ ಮಾರ್ಗಸೂಚಿಯನ್ನು ಐಸಿಎಚ್ ಎಂಬ ಅಂತರರಾಷ್ಟ್ರೀಯ ಸಮನ್ವಯ ಸಂಸ್ಥೆಯು ರೂಪಿಸಿದೆ. ಕ್ಯೂ2 ಎಂಬ ಈ ಮಾರ್ಗಸೂಚಿಯ ಮೊದಲ ಭಾಗ 1994ರಲ್ಲಿ, ಎರಡನೆಯ ಭಾಗ 1996ರಲ್ಲಿ ಬಂದು, 2005ರಲ್ಲಿ ಒಂದುಗೂಡಿದವು. 2023ರ ನವೆಂಬರ್‌ನಲ್ಲಿ ಇದರ ಪರಿಷ್ಕೃತ ಆವೃತ್ತಿಯೂ, ವಿಧಾನಗಳ ಅಭಿವೃದ್ಧಿಯ ಕುರಿತಾದ ಕ್ಯೂ14 ಎಂಬ ಹೊಸ ಮಾರ್ಗಸೂಚಿಯೂ ಅಂಗೀಕಾರವಾದವು. ಇವುಗಳ ತಿರುಳನ್ನು ಕೆಳಗಿನಂತೆ ಸಂಗ್ರಹಿಸಬಹುದು.

ಮೊದಲನೆಯದು ನಿರ್ದಿಷ್ಟತೆ. ವಿಧಾನವು ಅಳೆಯಬೇಕಾದುದನ್ನು ಮಾತ್ರ ಅಳೆಯುತ್ತಿದೆಯೇ ಎಂಬುದು ಇಲ್ಲಿನ ಪ್ರಶ್ನೆ. ಪ್ಯಾರಾಸಿಟಮಾಲ್ ತೇವಾಂಶದಿಂದ ಒಡೆದರೆ 4-ಅಮಿನೋಫಿನಾಲ್ ಎಂಬ ಅನಪೇಕ್ಷಿತ ವಸ್ತು ಉಂಟಾಗುತ್ತದೆ. ನೇರಳಾತೀತ ಬೆಳಕನ್ನು 257 ನ್ಯಾನೋಮೀಟರಿನಲ್ಲಿ ಅಳೆಯುವ ಸರಳ ವಿಧಾನವು ಪ್ಯಾರಾಸಿಟಮಾಲಿನ ಪ್ರಮಾಣ ತಿಳಿಯಲು ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಒಡೆದ ವಸ್ತುವೂ ನೇರಳಾತೀತ ಬೆಳಕನ್ನು ಹೀರುವುದರಿಂದ ಎರಡನ್ನೂ ಈ ವಿಧಾನವೊಂದೇ ಪೂರ್ತಿಯಾಗಿ ಬೇರ್ಪಡಿಸಲಾರದು. ಆದುದರಿಂದಲೇ ಒಡೆದ ವಸ್ತುವಿಗಾಗಿ ಕ್ರೊಮ್ಯಾಟೊಗ್ರಫಿಯ ಪ್ರತ್ಯೇಕ ಪರೀಕ್ಷೆ ಬೇಕಾಗುತ್ತದೆ. ಹಿಂದೆ ಹೇಳಿದ ಬ್ರೋಮೀನ್ ವಿಧಾನಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಬ್ರೋಮೀನಿನೊಡನೆ ವರ್ತಿಸುವ ಬೇರೆ ಯಾವ ವಸ್ತು ಮಾತ್ರೆಯಲ್ಲಿದ್ದರೂ ಅದನ್ನೂ ಔಷಧವೆಂದೇ ಅದು ಲೆಕ್ಕ ಹಾಕುತ್ತದೆ.

ಎರಡನೆಯದು ರೇಖೀಯತೆ ಮತ್ತು ವ್ಯಾಪ್ತಿ. ಔಷಧವು ಹೆಚ್ಚಿದಂತೆ ಅಳತೆಯೂ ಅದೇ ಅನುಪಾತದಲ್ಲಿ ಹೆಚ್ಚಬೇಕು. ಇದಕ್ಕೆ ಕನಿಷ್ಠ ಐದು ಬೇರೆ ಬೇರೆ ಸಾಂದ್ರತೆಗಳಲ್ಲಿ ಪರೀಕ್ಷಿಸಬೇಕು. ಔಷಧದ ಪ್ರಮಾಣವನ್ನು ಅಳೆಯುವ ವಿಧಾನವಾದರೆ ಸಾಮಾನ್ಯವಾಗಿ ನಿಗದಿತ ಸಾಂದ್ರತೆಯ ಶೇ. 80ರಿಂದ 120ರವರೆಗಿನ ವ್ಯಾಪ್ತಿಯಲ್ಲಿ ವಿಧಾನವು ಸರಿಯಿದೆಯೆಂದು ತೋರಿಸಬೇಕಾಗುತ್ತದೆ.

ಮೂರನೆಯದು ನಿಖರತೆ. ಗೊತ್ತಾದ ಪ್ರಮಾಣದ ಔಷಧವನ್ನು ಪೂರಕ ದ್ರವ್ಯಗಳೊಡನೆ ಬೆರೆಸಿ ಪರೀಕ್ಷಿಸಿದಾಗ ಎಷ್ಟು ವಾಪಸು ದೊರೆಯಿತು ಎಂದು ನೋಡುವುದು. 50 ಮಿಲಿಗ್ರಾಂ ಹಾಕಿದ್ದಾಗ 49.6 ಮಿಲಿಗ್ರಾಂ ದೊರೆತರೆ ಮರುಪ್ರಾಪ್ತಿಯು ಶೇ. 99.2. ಇದನ್ನು ಮೂರು ಮಟ್ಟಗಳಲ್ಲಿ ಒಟ್ಟು ಕನಿಷ್ಠ ಒಂಬತ್ತು ಬಾರಿ ಮಾಡಬೇಕು.

ನಾಲ್ಕನೆಯದು ಪುನರಾವರ್ತನೆಯ ಸ್ಥಿರತೆ. ಒಂದೇ ಮಾದರಿಯನ್ನು ಆರು ಬಾರಿ ಪರೀಕ್ಷಿಸಿದಾಗ ಶೇ. 99.1, 100.2, 99.6, 100.4, 99.3, 99.8 ಎಂಬ ಉತ್ತರಗಳು ಬಂದವೆಂದು ಭಾವಿಸೋಣ. ಸರಾಸರಿ 99.7, ಉತ್ತರಗಳ ಚದುರುವಿಕೆಯನ್ನು ಸೂಚಿಸುವ ಸಾಪೇಕ್ಷ ಪ್ರಮಾಣ ವಿಚಲನೆ ಸುಮಾರು ಶೇ. 0.5. ಇದು ತೃಪ್ತಿಕರವಾದ ಫಲಿತಾಂಶ. ಬೇರೆ ದಿನ, ಬೇರೆ ವಿಶ್ಲೇಷಕರು, ಬೇರೆ ಉಪಕರಣದಿಂದ ಮಾಡಿದಾಗಲೂ ಇದೇ ಬಗೆಯ ಸ್ಥಿರತೆ ಉಳಿಯಬೇಕು.

ಐದನೆಯದು ಪತ್ತೆಯ ಮಿತಿ ಮತ್ತು ಪರಿಮಾಣದ ಮಿತಿ. ಅಶುದ್ಧಿಗಳನ್ನು ಹುಡುಕುವಾಗ ಇವು ಮುಖ್ಯ. ಉಪಕರಣದ ಸಹಜ ಅಲುಗಾಟಕ್ಕಿಂತ ಸುಮಾರು ಮೂರು ಪಟ್ಟು ಸಂಕೇತ ಬಂದರೆ ವಸ್ತು ಇದೆಯೆಂದು ಹೇಳಬಹುದು. ಹತ್ತು ಪಟ್ಟು ಬಂದರೆ ಎಷ್ಟಿದೆಯೆಂದು ಹೇಳಬಹುದು. ‘ಅಶುದ್ಧಿ ಕಂಡುಬಂದಿಲ್ಲ’ ಎಂಬ ವರದಿಯ ಅರ್ಥ ಅಶುದ್ಧಿ ಇಲ್ಲವೆಂದಲ್ಲ. ಈ ವಿಧಾನದ ಪತ್ತೆಯ ಮಿತಿಯ ಮೇಲೆ ಅದು ಇಲ್ಲವೆಂದು ಮಾತ್ರ.

ಆರನೆಯದು ತಾಳಿಕೆ. ಕೊಠಡಿಯ ಉಷ್ಣತೆ ಎರಡು ಡಿಗ್ರಿ ಏರಿದರೆ, ದ್ರಾವಣದ ಆಮ್ಲೀಯತೆ ತುಸು ಬದಲಾದರೆ, ಬೇರೆ ತಯಾರಿಕೆಯ ಕಾಲಂ ಬಳಸಿದರೆ ಉತ್ತರ ಕೆಡುವುದಾದರೆ ಅಂತಹ ವಿಧಾನವು ದಿನನಿತ್ಯದ ಕೆಲಸಕ್ಕೆ ಯೋಗ್ಯವಲ್ಲ. ಮೈಸೂರಿನ ಚಳಿಗಾಲದ ಬೆಳಿಗ್ಗೆ ಸರಿಯಾಗಿ ಬಂದ ಫಲಿತಾಂಶವು ಏಪ್ರಿಲ್ ತಿಂಗಳ ಮಧ್ಯಾಹ್ನವೂ ಬರಬೇಕು.

ಎರಡರ ತಪ್ಪಿನಿಂದ ಎಷ್ಟು ನಷ್ಟ?

ಈ ಅಂಶಗಳು ಲೆಕ್ಕದ ಪುಸ್ತಕದಲ್ಲಿ ಹೇಗೆ ಕಾಣುತ್ತವೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ. ಮಾತ್ರೆಯಲ್ಲಿ ಔಷಧವು ಲೇಬಲಿನಲ್ಲಿ ನಮೂದಿಸಿದುದರ ಶೇ. 95ರಿಂದ 105ರೊಳಗೆ ಇರಬೇಕೆಂಬ ನಿಯಮವಿದೆ ಎಂದುಕೊಳ್ಳೋಣ. ನಿಮ್ಮ ಬ್ಯಾಚಿನಲ್ಲಿ ನಿಜವಾಗಿ ಶೇ. 97.5 ಇದೆ, ಅಂದರೆ ಬ್ಯಾಚು ಸರಿಯಾಗಿದೆ. ಆದರೆ ನಿಮ್ಮ ವಿಧಾನವು ಯಾವಾಗಲೂ ಎರಡರಷ್ಟು ಕಡಿಮೆ ತೋರಿಸುತ್ತದೆ, ಮತ್ತು ಅದರ ಉತ್ತರಗಳ ಪ್ರಮಾಣ ವಿಚಲನೆ ಒಂದರಷ್ಟಿದೆ. ಆಗ ಒಂದೇ ಬಾರಿ ಪರೀಕ್ಷಿಸಿದರೆ ಹತ್ತರಲ್ಲಿ ಸುಮಾರು ಮೂರು ಸಲ ಉತ್ತರವು 95ಕ್ಕಿಂತ ಕೆಳಗೆ ಬಂದು, ಒಳ್ಳೆಯ ಬ್ಯಾಚು ತಿರಸ್ಕೃತವಾಗುತ್ತದೆ. ವಿಧಾನದಲ್ಲಿ ಆ ಎರಡರ ತಪ್ಪು ಇಲ್ಲದಿದ್ದರೆ ಹೀಗಾಗುವುದು ಇನ್ನೂರು ಸಲದಲ್ಲಿ ಒಂದೆರಡು ಸಲ ಮಾತ್ರ.

ತಪ್ಪು ಇನ್ನೊಂದು ದಿಕ್ಕಿನಲ್ಲಿದ್ದರೆ ಪರಿಣಾಮ ಇನ್ನೂ ಕೆಟ್ಟದು. ನಿಜವಾಗಿ ಶೇ. 94 ಇರುವ ಬ್ಯಾಚನ್ನು ಎರಡರಷ್ಟು ಹೆಚ್ಚಾಗಿ ತೋರಿಸುವ ವಿಧಾನವು ಶೇ. 96 ಎಂದು ಹೇಳಿ ಮಾರುಕಟ್ಟೆಗೆ ಕಳುಹಿಸುತ್ತದೆ. ಮುಂದೆ ಸರ್ಕಾರಿ ಪ್ರಯೋಗಾಲಯದಲ್ಲಿ ಅದು ಬಿದ್ದಾಗ ತಯಾರಕರು ತಮ್ಮ ವರದಿಯನ್ನು ಹಿಡಿದು ವಾದಿಸುತ್ತಾರೆ. ವರದಿಯೇ ತಪ್ಪಿರಬಹುದೆಂಬ ಯೋಚನೆ ಅವರಿಗೆ ಬರುವುದಿಲ್ಲ. ಉತ್ತಮ ಬ್ಯಾಚು ತಿರಸ್ಕೃತವಾದರೆ ಬಂಡವಾಳ ನಷ್ಟ. ಕಳಪೆ ಬ್ಯಾಚು ಒಪ್ಪಿಗೆಯಾದರೆ ಹೆಸರು ನಷ್ಟ.

ನಿರ್ದಿಷ್ಟತೆ ಇಲ್ಲದ ಪರೀಕ್ಷೆಯ ದುರಂತ

ಹೆಸರಿನ ನಷ್ಟಕ್ಕಿಂತ ದೊಡ್ಡ ನಷ್ಟವೂ ಇದೆ. ಕೆಮ್ಮಿನ ಸಿರಪ್ ಮೊದಲಾದ ದ್ರವ ಔಷಧಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಮುಂತಾದ ದ್ರಾವಕಗಳನ್ನು ಬಳಸುತ್ತಾರೆ. ಇವುಗಳಂತೆಯೇ ಬಣ್ಣವಿಲ್ಲದ, ಮಂದವಾದ, ಸಿಹಿಯಾದ ದ್ರವ ಡೈಎಥಿಲೀನ್ ಗ್ಲೈಕಾಲ್. ಇದು ಮೂತ್ರಪಿಂಡಗಳನ್ನು ಕೆಡಿಸುವ ವಿಷ. 1937ರಲ್ಲಿ ಅಮೆರಿಕದಲ್ಲಿ ಇದನ್ನು ದ್ರಾವಕವಾಗಿ ಬಳಸಿದ ಸಲ್ಫಾನಿಲಮೈಡ್ ದ್ರವೌಷಧದಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. 1986ರಲ್ಲಿ ಮುಂಬಯಿಯಲ್ಲಿ ಇದು ಬೆರೆತ ಗ್ಲಿಸರಿನ್ ಸೇವಿಸಿದ 14 ರೋಗಿಗಳು ಮರಣ ಹೊಂದಿದರು. 2022ರಲ್ಲಿ ಆಫ್ರಿಕಾದ ಗಾಂಬಿಯಾದಲ್ಲಿ ಸುಮಾರು 70 ಮಕ್ಕಳ ಸಾವಿನೊಡನೆ ಭಾರತದಿಂದ ರಫ್ತಾದ ಸಿರಪ್‌ಗಳ ಹೆಸರು ಕೇಳಿಬಂತು. 2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರದೇಶದಲ್ಲಿ 20ಕ್ಕೂ ಹೆಚ್ಚು ಮಕ್ಕಳು ತೀರಿಕೊಂಡಾಗ, ಅವರು ಸೇವಿಸಿದ್ದ ‘ಕೋಲ್ಡ್ರಿಫ್’ ಸಿರಪ್‌ನ ಬ್ಯಾಚಿನಲ್ಲಿ ತಮಿಳುನಾಡಿನ ಪ್ರಯೋಗಾಲಯವು ಶೇ. 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇರುವುದನ್ನು ಪತ್ತೆ ಮಾಡಿತು. ಅನುಮತಿಸಿದ ಮಿತಿಯು ಶೇ. 0.1, ಅಂದರೆ ಕಿಲೋಗೆ ಒಂದು ಗ್ರಾಂ.

ಇಂತಹ ಸಿರಪ್‌ನಲ್ಲಿ ಮೂಲ ಔಷಧದ ಪ್ರಮಾಣವನ್ನು ಮಾತ್ರ ಪರೀಕ್ಷಿಸಿದರೆ ಅದು ನೂರಕ್ಕೆ ನೂರು ಸರಿಯಾಗಿ ಕಾಣಬಹುದು, ವಿಷವಿರುವುದು ದ್ರಾವಕದಲ್ಲಿ. ದ್ರಾವಕದ ಬಣ್ಣ, ವಾಸನೆ, ಮಂದತ್ವಗಳನ್ನು ನೋಡಿದರೂ ಪ್ರಯೋಜನವಿಲ್ಲ, ಏಕೆಂದರೆ ಅವುಗಳಿಗೆ ನಿರ್ದಿಷ್ಟತೆಯಿಲ್ಲ. ಕುದಿಯುವ ಗುಣದ ವ್ಯತ್ಯಾಸವನ್ನೂ ಕಾಲಂನೊಡನೆ ಆಯಾ ವಸ್ತುವಿಗಿರುವ ಸೆಳೆತದ ವ್ಯತ್ಯಾಸವನ್ನೂ ಆಧರಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಫಿಯಂತಹ ವಿಧಾನದಿಂದ, ಶೇ. 0.1ರ ಮಟ್ಟದಲ್ಲಿಯೂ ಅದನ್ನು ಅಳೆಯಬಲ್ಲೆವೆಂದು ತೋರಿಸಿದ ವಿಧಾನದಿಂದ ಮಾತ್ರ ಈ ವಿಷ ಸಿಕ್ಕಿಬೀಳುತ್ತದೆ. ಪ್ರತಿಯೊಂದು ಡ್ರಮ್ಮಿನಿಂದಲೂ ಮಾದರಿ ತೆಗೆಯದೆ, ಸರಬರಾಜುದಾರರ ಪ್ರಮಾಣಪತ್ರವನ್ನು ನಂಬಿ ಒಳಗೆ ಬಿಟ್ಟುಕೊಳ್ಳುವ ಘಟಕಕ್ಕೆ ಉಳಿದ ಯಾವ ಎಚ್ಚರಿಕೆಯೂ ರಕ್ಷಣೆ ನೀಡದು.

ಔಷಧಕೋಶದ ವಿಧಾನಕ್ಕೆ ಏನು ಮಾಡಬೇಕು?

ಸಣ್ಣ ಉತ್ಪಾದಕರು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಇಂಡಿಯನ್ ಫಾರ್ಮಕೋಪಿಯದಲ್ಲಿಯೇ ನಮ್ಮ ಉತ್ಪನ್ನಕ್ಕೆ ವಿಧಾನವನ್ನು ಕೊಟ್ಟಿರುವಾಗ ನಾವು ಮತ್ತೆ ಅದನ್ನು ದೃಢೀಕರಿಸಬೇಕೇ? ಪೂರ್ತಿ ದೃಢೀಕರಣದ ಅಗತ್ಯವಿಲ್ಲ. ಆ ಕೆಲಸ ಈಗಾಗಲೇ ಆಗಿದೆ. ಆದರೆ ನಿಮ್ಮ ಉಪಕರಣ, ನಿಮ್ಮ ವಿಶ್ಲೇಷಕರು, ನಿಮ್ಮ ಪೂರಕ ದ್ರವ್ಯಗಳೊಡನೆ ಆ ವಿಧಾನವು ನಿಮ್ಮಲ್ಲಿ ಸರಿಯಾಗಿ ನಡೆಯುವುದೆಂದು ತೋರಿಸಬೇಕು. ಇದನ್ನು ವೆರಿಫಿಕೇಷನ್ ಎನ್ನುತ್ತಾರೆ. ನಿಮ್ಮ ಮಾತ್ರೆಗೆ ಹೊಸ ಬಣ್ಣವನ್ನೋ ಹೊಸ ಲೇಪನವನ್ನೋ ಸೇರಿಸಿದ್ದರೆ ಅದು ಪರೀಕ್ಷೆಗೆ ಅಡ್ಡ ಬರುತ್ತದೆಯೇ ಎಂದು ಫಾರ್ಮಕೋಪಿಯದ ಪುಟ ಹೇಳಲಾರದು.

ಔಷಧಕೋಶದಲ್ಲಿಲ್ಲದ ಮಿಶ್ರ ಔಷಧಗಳಿಗೆ ನೀವೇ ವಿಧಾನವನ್ನು ರೂಪಿಸಿಕೊಂಡಿದ್ದರೆ ಪೂರ್ತಿ ದೃಢೀಕರಣ ಕಡ್ಡಾಯವೆಂದೇ ತಿಳಿಯಬೇಕು. ಅಧಿಕೃತ ವಿಧಾನವಿದ್ದೂ ಖರ್ಚು ಉಳಿಸಲು ಮಾನಸಗಂಗೋತ್ರಿಯ ಮಾದರಿಯ ಸರಳ ವಿಧಾನವನ್ನು ಕಾರ್ಖಾನೆಯೊಳಗಿನ ದಿನನಿತ್ಯದ ಪರೀಕ್ಷೆಗೆ ಬಳಸಬಹುದು; ಆದರೆ ಎರಡೂ ಒಂದೇ ಉತ್ತರ ಕೊಡುತ್ತವೆಂದು ಮೊದಲು ತೋರಿಸಿರಬೇಕು. ವಿವಾದ ಬಂದಾಗ ನಿರ್ಣಾಯಕವಾಗುವುದು ಅಧಿಕೃತ ವಿಧಾನವೇ ಎಂಬುದನ್ನು ಮರೆಯಬಾರದು.

ಕಾನೂನು ಹೇಳುವುದೇನು?

ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1940ರ ಪ್ರಕಾರ ಔಷಧ ಪರಿವೀಕ್ಷಕರು ಅಂಗಡಿಯಿಂದ ತೆಗೆದ ಮಾದರಿಯನ್ನು ಸಾಮಾನ್ಯವಾಗಿ ನಾಲ್ಕು ಭಾಗ ಮಾಡುತ್ತಾರೆ. ತಯಾರಕರ ಆವರಣದಿಂದಲೇ ತೆಗೆದರೆ ಮೂರು ಭಾಗ ಸಾಕು. ಒಂದು ಭಾಗ ಸರ್ಕಾರಿ ವಿಶ್ಲೇಷಕರಿಗೆ ಹೋಗುತ್ತದೆ. ಅವರ ವರದಿಯ ಪ್ರತಿ ಕೈಸೇರಿದ 28 ದಿನಗಳೊಳಗೆ ಅದಕ್ಕೆ ವಿರುದ್ಧವಾದ ಸಾಕ್ಷ್ಯ ನೀಡುವುದಾಗಿ ಲಿಖಿತವಾಗಿ ತಿಳಿಸದಿದ್ದರೆ ಆ ವರದಿಯೇ ಅಂತಿಮ ಸಾಕ್ಷ್ಯವಾಗುತ್ತದೆ. ತಿಳಿಸಿದರೆ ಇನ್ನೊಂದು ಭಾಗವು ಕೇಂದ್ರ ಔಷಧ ಪ್ರಯೋಗಾಲಯಕ್ಕೆ ಹೋಗಬಹುದು. ಅಲ್ಲಿನ ವರದಿಯ ಮುಂದೆ ಬೇರೆ ಸಾಕ್ಷ್ಯವಿಲ್ಲ. ಆದುದರಿಂದ ಆ 28 ದಿನಗಳಲ್ಲಿ ಆಕ್ಷೇಪಿಸಬೇಕೇ, ಅಥವಾ ದೋಷವನ್ನು ಒಪ್ಪಿ ಬ್ಯಾಚನ್ನು ವಾಪಸು ತರಿಸಬೇಕೇ ಎಂಬ ತೀರ್ಮಾನವನ್ನು ತಯಾರಕರು ಕೈಗೊಳ್ಳಬೇಕು. ತಮ್ಮ ವಿಧಾನದ ದೃಢೀಕರಣದ ಕಡತ ಸರಿಯಾಗಿದ್ದವರು ಧೈರ್ಯವಾಗಿ ತೀರ್ಮಾನಿಸಬಲ್ಲರು. ಕಡತವಿಲ್ಲದವರು ಕೇವಲ ಅದೃಷ್ಟವನ್ನು ನಂಬಬೇಕಾಗುತ್ತದೆ.

ಪ್ರಯೋಗಾಲಯಗಳ ಶಿಸ್ತನ್ನು ನಿಗದಿಪಡಿಸುವ ಷೆಡ್ಯೂಲ್ ಎಲ್-1 2008ರಲ್ಲಿ ಪ್ರಕಟವಾಗಿ 2010ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಉತ್ತಮ ಉತ್ಪಾದನಾ ಪದ್ಧತಿಗೆ ಸಂಬಂಧಿಸಿದ ಷೆಡ್ಯೂಲ್ ಎಮ್ ಅನ್ನು 2023ರ ಡಿಸೆಂಬರ್ 28ರ ಅಧಿಸೂಚನೆಯ ಮೂಲಕ ಸಂಪೂರ್ಣವಾಗಿ ಪರಿಷ್ಕರಿಸಲಾಯಿತು. ವಾರ್ಷಿಕ ವಹಿವಾಟು 250 ಕೋಟಿ ರೂ.ಗಳಿಗೆ ಮೀರಿದ ಘಟಕಗಳಿಗೆ ಆರು ತಿಂಗಳು, ಉಳಿದ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಒಂದು ವರ್ಷ ಕಾಲಾವಕಾಶ ನೀಡಲಾಯಿತು. ಮೇಲ್ದರ್ಜೆಗೇರಿಸುವ ಯೋಜನೆಯೊಡನೆ ಅರ್ಜಿ ಸಲ್ಲಿಸಿದ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ 2025ರ ಡಿಸೆಂಬರ್ 31ರವರೆಗೆ ಅವಧಿಯನ್ನು ವಿಸ್ತರಿಸಲಾಗಿತ್ತು. ಆ ಗಡುವೂ ಮುಗಿದಿರುವುದರಿಂದ ಇನ್ನು ಕಾಯುವುದಕ್ಕೆ ಆಸ್ಪದವಿಲ್ಲ.

ವ್ಯಾಪಾರಿಗಳಿಗೆ ಸಂಬಂಧಿಸಿದ ಅಂಶವೂ ಕಾಯ್ದೆಯಲ್ಲಿದೆ. ಪರವಾನಗಿ ಹೊಂದಿದ ತಯಾರಕರಿಂದ ಅಥವಾ ವಿತರಕರಿಂದ ಕೊಂಡಿರುವುದು, ಸಾಮಾನ್ಯ ಎಚ್ಚರಿಕೆ ವಹಿಸಿದರೂ ದೋಷವನ್ನು ತಿಳಿಯಲು ಸಾಧ್ಯವಿರಲಿಲ್ಲವೆಂಬುದು, ಸರಕನ್ನು ಬಂದ ಸ್ಥಿತಿಯಲ್ಲಿಯೇ ಸರಿಯಾಗಿ ಕಾಪಾಡಿರುವುದು ಇವನ್ನು ಸಾಬೀತುಪಡಿಸಿದ ಮಾರಾಟಗಾರರಿಗೆ ರಕ್ಷಣೆಯಿದೆ. ಬಿಲ್ಲು, ಬ್ಯಾಚ್ ಸಂಖ್ಯೆ, ಶೇಖರಣೆಯ ಉಷ್ಣತೆಯ ದಾಖಲೆ ಇವುಗಳನ್ನು ಇಟ್ಟುಕೊಂಡವರಿಗೆ ಮಾತ್ರ ಈ ರಕ್ಷಣೆ ದೊರೆಯುವುದೆಂಬುದು ಸ್ಪಷ್ಟ.

ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸುವವರಿಗೆ

ಸ್ವಂತ ಎಚ್‌ಪಿಎಲ್‌ಸಿ ಅಥವಾ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಸೌಲಭ್ಯವಿಲ್ಲದ ಘಟಕಗಳು ಮಾದರಿಯನ್ನು ಹೊರಗೆ ಕಳುಹಿಸುತ್ತವೆ. ತಯಾರಕರ ಪರವಾಗಿ ಔಷಧ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಔಷಧ ನಿಯಮಗಳ ಫಾರಂ 37ರಲ್ಲಿ ಅನುಮೋದನೆ ಇರಬೇಕು. ಎನ್‌ಎಬಿಎಲ್ ಮಾನ್ಯತೆ ಬೇರೆಯದೇ. ಇದ್ದರೆ ಒಳ್ಳೆಯದು, ಆದರೆ ಅದು ಫಾರಂ 37ಕ್ಕೆ ಬದಲಿಯಲ್ಲ. ಪರೀಕ್ಷೆಯ ದರವನ್ನು ಮಾತ್ರ ಕೇಳಿ ಪ್ರಯೋಗಾಲಯವನ್ನು ಆರಿಸುವ ಬದಲು ಈ ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಸೂಕ್ತ:

1. ನನ್ನ ಉತ್ಪನ್ನಕ್ಕೆ ಯಾವ ವಿಧಾನವನ್ನು ಬಳಸುತ್ತೀರಿ? ಅದು ಔಷಧಕೋಶದ್ದೇ, ನಿಮ್ಮ ಸ್ವಂತದ್ದೇ?
2. ನನ್ನ ಪೂರಕ ದ್ರವ್ಯಗಳ ಮಿಶ್ರಣವನ್ನು, ಔಷಧವಿಲ್ಲದೆ, ಪ್ರತ್ಯೇಕವಾಗಿ ಪರೀಕ್ಷಿಸಿ ನೋಡಿದ್ದೀರಾ?
3. ಹೋಲಿಕೆಗೆ ಬಳಸಿದ ರೆಫರೆನ್ಸ್ ಸ್ಟ್ಯಾಂಡರ್ಡ್ ಎಲ್ಲಿಂದ ಬಂದಿದೆ, ಅದರ ಅವಧಿ ಮುಗಿದಿಲ್ಲವಷ್ಟೆ?
4. ಮರುಪ್ರಾಪ್ತಿ ಮತ್ತು ಪುನರಾವರ್ತನೆಯ ಅಂಕಿಗಳನ್ನು ತೋರಿಸಬಲ್ಲಿರಾ?
5. ಮಿತಿಗೆ ಹೊರಗಿನ ಉತ್ತರ ಬಂದಾಗ ಏನು ಮಾಡುತ್ತೀರಿ?

ಐದನೆಯ ಪ್ರಶ್ನೆಗೆ ‘ಸರಿಯಾದ ಉತ್ತರ ಬರುವವರೆಗೆ ಮತ್ತೆ ಮಾಡುತ್ತೇವೆ’ ಎಂಬ ಅರ್ಥದ ಮಾತು ಬಂದರೆ ಅಲ್ಲಿಗೆ ಮಾದರಿಯನ್ನು ಕಳುಹಿಸದಿರುವುದೇ ಲೇಸು. ಮೊದಲು ಬಂದ ಉತ್ತರಕ್ಕೆ ಕಾರಣವನ್ನು ಹುಡುಕಿ, ದಾಖಲಿಸಿ, ಆ ಮೇಲೆ ಮಾತ್ರ ಮರುಪರೀಕ್ಷೆ ನಡೆಸಬೇಕೆಂಬುದು ನಿಯಮ. ಅಳಿಸಿದ ಅಂಕಿ ಮತ್ತು ಹರಿದ ಪುಟ ಯಾವ ಕಳಪೆ ಫಲಿತಾಂಶಕ್ಕಿಂತಲೂ ಹೆಚ್ಚು ಹಾನಿಕರ.

ಖರ್ಚು ಮತ್ತು ಸಹಕಾರ

ಇಷ್ಟೆಲ್ಲ ಖರ್ಚನ್ನು ಸಣ್ಣ ಉದ್ದಿಮೆ ಭರಿಸೀತೇ ಎಂಬ ಸಂಶಯ ಸಹಜವಾದುದು. ಎಲ್ಲವನ್ನೂ ಒಂದೇ ಸಲ ಮಾಡಬೇಕಾಗಿಲ್ಲ. ಅಪಾಯ ಹೆಚ್ಚಿರುವ ಉತ್ಪನ್ನಗಳಿಂದ, ಅಂದರೆ ಮಕ್ಕಳ ದ್ರವೌಷಧ, ಚುಚ್ಚುಮದ್ದು ಮತ್ತು ಕಡಿಮೆ ಪ್ರಮಾಣದ ಔಷಧವುಳ್ಳ ಮಾತ್ರೆಗಳಿಂದ, ಆರಂಭಿಸಿ ವರ್ಷಕ್ಕೆ ಇಷ್ಟು ಎಂದು ಯೋಜಿಸಿಕೊಳ್ಳಬಹುದು. ಒಂದೇ ಬಗೆಯ ಉತ್ಪನ್ನ ತಯಾರಿಸುವ ಕೆಲವು ಘಟಕಗಳು ಸೇರಿ ಒಂದು ಪ್ರಯೋಗಾಲಯದೊಡನೆ ಒಪ್ಪಂದ ಮಾಡಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಕೇಂದ್ರ ಸರ್ಕಾರವು 2021-22ರಿಂದ 2025-26ರವರೆಗಿನ ಅವಧಿಗೆ 500 ಕೋಟಿ ರೂ. ವೆಚ್ಚದಲ್ಲಿ ರೂಪಿಸಿದ ಔಷಧೋದ್ಯಮ ಬಲವರ್ಧನೆ ಯೋಜನೆಯಲ್ಲಿ ಸಾಮಾನ್ಯ ಪರೀಕ್ಷಾ ಸೌಲಭ್ಯಗಳಿಗೂ ತಂತ್ರಜ್ಞಾನದ ಉನ್ನತೀಕರಣಕ್ಕೂ ನೆರವಿನ ಅವಕಾಶವಿತ್ತು. ಇಂತಹ ಯೋಜನೆಗಳು ಬಂದಾಗ ಒಬ್ಬೊಬ್ಬರೇ ಓಡಾಡುವುದಕ್ಕಿಂತ ಸಂಘಟಿತರಾಗಿ ಅರ್ಜಿ ಹಾಕುವುದು ಫಲಪ್ರದ.

ಮೈಸೂರಿನ ಉದ್ದಿಮೆದಾರರಿಗೆ ಇನ್ನೊಂದು ಅನುಕೂಲವಿದೆ. ಮಾನಸಗಂಗೋತ್ರಿಯ ರಸಾಯನಶಾಸ್ತ್ರ ವಿಭಾಗ, ನಗರದ ಫಾರ್ಮಸಿ ಕಾಲೇಜುಗಳು, ಆಹಾರದ ವಿಶ್ಲೇಷಣೆಯಲ್ಲಿ 1950ರಿಂದ ಕೆಲಸ ಮಾಡುತ್ತಿರುವ ಸಿಎಫ್‌ಟಿಆರ್‌ಐ ಇವೆಲ್ಲವೂ ಕೆಲವೇ ಕಿಲೋಮೀಟರ್ ಅಂತರದಲ್ಲಿವೆ. ವಿಧಾನವನ್ನು ರೂಪಿಸುವ, ದೃಢೀಕರಿಸುವ ಕೆಲಸವನ್ನು ಬಲ್ಲ ಪದವೀಧರರು ಇಲ್ಲಿಯೇ ತಯಾರಾಗುತ್ತಾರೆ. ಅವರ ಪ್ರಾಜೆಕ್ಟ್ ಕೆಲಸಕ್ಕೆ ನಮ್ಮ ಕಾರ್ಖಾನೆಯ ನಿಜವಾದ ಸಮಸ್ಯೆಯೊಂದನ್ನು ಕೊಟ್ಟರೆ ವಿದ್ಯಾರ್ಥಿಗೆ ಅನುಭವವೂ ಉದ್ಯಮಕ್ಕೆ ಉಪಕಾರವೂ ಆಗುತ್ತದೆ.

ಕಾಳಿದಾಸ ರಸ್ತೆಯ ಆ ಗ್ರಾಹಕನಿಗೆ ಪಿಷ್ಟ, ಬ್ರೋಮೀನು, ಕ್ರೊಮ್ಯಾಟೊಗ್ರಫಿ ಯಾವುದೂ ತಿಳಿಯಬೇಕಾಗಿಲ್ಲ. ಜ್ವರದ ಮಗುವಿಗೆ ಔಷಧ ಕೊಂಡೊಯ್ಯುವ ಅವನು ನಮ್ಮೆಲ್ಲರ ಮೇಲೆ ನಂಬಿಕೆಯಿಟ್ಟಿದ್ದಾನೆ. ವರದಿಗೆ ಸಹಿ ಹಾಕುವ ಮುನ್ನ ‘ಫಲಿತಾಂಶವೇನು?’ ಎಂದು ಕೇಳುವ ಜೊತೆಗೆ ‘ಈ ಫಲಿತಾಂಶವನ್ನು ನಂಬಬಹುದೆಂದು ನಾವು ತೋರಿಸಿದ್ದೇವೆಯೇ?’ ಎಂದೂ ಕೇಳುವ ಅಭ್ಯಾಸವನ್ನು ಪ್ರತಿಯೊಬ್ಬ ಉತ್ಪಾದಕರೂ ಬೆಳೆಸಿಕೊಂಡರೆ ಆ ನಂಬಿಕೆ ಉಳಿಯುತ್ತದೆ, ಅದರೊಡನೆ ನಮ್ಮ ಉದ್ಯಮವೂ ಉಳಿಯುತ್ತದೆ.